ಖೇಣಿ ಹಿಡಿದವರು ತೋಟದ ಒಡೆಯರಾಗುವುದಿಲ್ಲ

ಲಂಡನ್ನಿನಲ್ಲಿ ಅವಧಿ ಕರಗಿದ ಲೀಸ್ ಫ್ಲ್ಯಾಟ್ ಕೊಳ್ಳಲು ಸಂತೇಬೆನ್ನೂರಿನ ತೋಟ ಮಾರಬೇಡಿ ಎಂದು ಹಿಂದೆ ಬರೆದಿದ್ದೆ. ಅಂದಿನಿಂದ ಊರಲ್ಲಿ ನನ್ನನ್ನು ನಿಲ್ಲಿಸಿ ಕೇಳದವರಿಲ್ಲ. ಹೊಂಡದ ಹತ್ತಿರ ಕೇಳಿದರು, ದಾವಣಗೆರೆ ಬಸ್ಸಿನಲ್ಲಿ ಕೇಳಿದರು, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಕೇಳಿದರು. ಕೆಲವರು ಪತ್ರವನ್ನೇ ಬರೆದರು. ಬಹುಮಂದಿಯ ಅಭಿಪ್ರಾಯ ಒಂದೇ: ನನ್ನ ಮಾತು ತಪ್ಪು. ಮೂವತ್ತು ವರ್ಷ ಚನ್ನಗಿರಿಯಲ್ಲಿ ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ ಬರೆದು ಬದುಕಿದವನು ನಾನು. ಪತ್ರದ ವಿಷಯಕ್ಕೆ ಬಂದಾಗ ಸುಮ್ಮನಿರಲು ನನಗೆ ಆಗುವುದಿಲ್ಲ.

ಸಂಗತಿ ಇಷ್ಟು. ನಮ್ಮ ಸಂಬಂಧಿಕರ ಹುಡುಗನೊಬ್ಬ ಲಂಡನ್ನಿನ ಹ್ಯಾರೋ ಕಡೆ ಒಂದು ಫ್ಲ್ಯಾಟ್ ನೋಡಿದ. ಅದೇ ಕಟ್ಟಡದಲ್ಲಿ ಲೀಸನ್ನು ಆಗಲೇ ಉದ್ದ ಮಾಡಿಸಿಕೊಂಡಿದ್ದ ಮೇಲಿನ ಮನೆಗೆ 3,00,000 ಪೌಂಡ್, ಇದಕ್ಕೆ 2,85,000. ಉಳಿದ ಲೀಸು 68 ವರ್ಷ ಎಂದು ದಲ್ಲಾಳಿ ಹೇಳಿದ್ದ. ಮುಂಗಡ ಕಟ್ಟಲು ಅಪ್ಪ ಇಲ್ಲಿ ಒಂದೂವರೆ ಎಕರೆ ಅಡಿಕೆ ತೋಟಕ್ಕೆ ಗಿರಾಕಿ ಹುಡುಕತೊಡಗಿದ. ಹುಡುಗ ಫೋನಿನಲ್ಲಿ ಕಳಿಸಿದ ಲೀಸ್ ಪತ್ರವನ್ನು ದೊಡ್ಡದು ಮಾಡಿ ಮಾಡಿ ಓದಿದೆ. ಅದರಲ್ಲಿ ಒಂದು ಸಾಲಿತ್ತು: 1994ರ ಮಾರ್ಚ್ 25ರಿಂದ 99 ವರ್ಷ. ಕೊಂಡವರು ಯಾರೇ ಆಗಲಿ, ಎಷ್ಟು ಕೈ ಬದಲಾಗಲಿ, ಎಣಿಕೆ ನಡೆಯುವುದು ಆ ದಿನದಿಂದಲೇ. 2093ರ ಮಾರ್ಚಿಗೆ ಅವಧಿ ಮುಗಿದರೆ ಮನೆ ನೆಲದ ಒಡೆಯನಿಗೆ ಹಿಂದಿರುಗುತ್ತದೆ. ಒಳಗಿದ್ದವರು ಉಳಿದರೂ ಬಾಡಿಗೆಯವರಾಗಿ ಉಳಿಯಬೇಕು.

"ನಮ್ಮ ದಾವಣಗೆರೆಯಲ್ಲಿ ಲೀಸಿಗೆ ಮನೆ ಹಿಡಿಯುವುದಿಲ್ಲವೇ? ಭೋಗ್ಯ ಎಂದರೆ ಅದೇ ತಾನೇ?" ಇದು ನಿವೃತ್ತ ಮಾಸ್ತರರೊಬ್ಬರ ಪ್ರಶ್ನೆ. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಇದಕ್ಕೆ ವಿವರವಾಗಿಯೇ ಉತ್ತರ ಹೇಳುತ್ತೇನೆ. ಮಾಸ್ತರೇ, ನಮ್ಮ ಕಡೆ ಲೀಸಿಗೆ ಹಾಕಿದ್ದೇನೆ ಎಂದರೆ ಐದು ಲಕ್ಷವೋ ಎಂಟು ಲಕ್ಷವೋ ಮನೆಯವರ ಕೈಗೆ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವ ದಿನ ಅಷ್ಟೂ ದುಡ್ಡನ್ನು ಎಣಿಸಿಕೊಂಡು ಹೊರಡುವುದು. ದುಡಿಯುವುದು ಬಡ್ಡಿ ಮಾತ್ರ. ಅಸಲು ಮುಕ್ಕಾಗದೆ ನಿಂತಿರುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಸ್ವಾಧೀನ ಕೊಟ್ಟು ಮಾಡುವ ಅಡಮಾನವನ್ನು ಒಂದು ಕಡೆ ಇಟ್ಟಿದೆ, ಲೀಸನ್ನು ಬೇರೆ ಕಡೆ ಇಟ್ಟಿದೆ. ಲಂಡನ್ನಿನ ಲೀಸಿನಲ್ಲಿ ಅವಧಿ ಮುಗಿದ ದಿನ ದುಡ್ಡು ವಾಪಸ್ ಕೊಡುವವರು ಯಾರೂ ಇಲ್ಲ. ಹೆಸರು ಒಂದೇ ಎಂದು ಮೋಸ ಹೋಗಬಾರದು.

ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಬೇಕೆಂದರೆ ಖೇಣಿ ಇದೆ. ಖೇಣಿದಾರ ತೋಟ ನೋಡಿ, ಫಸಲು ಅಂದಾಜು ಮಾಡಿ, ಒಟ್ಟು ದುಡ್ಡು ಕೊಟ್ಟು ಅಡಿಕೆ ಕೊಯ್ದುಕೊಂಡು ಹೋಗುತ್ತಾನೆ. ಮರ ಅವನದಲ್ಲ, ನೆಲ ಅವನದಲ್ಲ. ಮೂರು ವರ್ಷಕ್ಕೆ ಖೇಣಿ ಹಿಡಿದವನು ಎರಡು ಫಸಲು ಕೊಯ್ದುಕೊಂಡು, ಉಳಿದ ಒಂದನ್ನು ನಿಮಗೆ ಬಿಟ್ಟುಕೊಡುತ್ತೇನೆ ಎಂದರೆ ಎಷ್ಟು ಕೊಡುತ್ತೀರಿ? ಮೂರು ಫಸಲಿನ ದುಡ್ಡಿಗೆ ಹತ್ತಿರ ಹತ್ತಿರ ಕೇಳಿದರೆ ಚನ್ನಗಿರಿಯ ಯಾವ ವ್ಯಾಪಾರಿಯೂ ನಿಂತು ಮಾತಾಡುವುದಿಲ್ಲ. ಆ ಹುಡುಗನ ಮುಂದೆ ಇದ್ದದ್ದು ಅಂಥದೇ ಬೆಲೆ.

ಎರಡನೆಯ ವಾದ: "68 ವರ್ಷ ಸಾಲದೇ? ಅಷ್ಟು ವರ್ಷ ಬದುಕಿರುವವರು ಯಾರು?" ಹುಡುಗನಿಗೆ ಈಗ 34. ಬಾಳುವ ಲೆಕ್ಕವೇ ಆಗಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ಮಕ್ಕಳು ದೊಡ್ಡವರಾದಾಗ ಅವನು ಇನ್ನೊಂದು ಮನೆಗೆ ಹೋಗಬೇಕು, ಹತ್ತು ಹನ್ನೆರಡು ವರ್ಷಕ್ಕೆ ಇದನ್ನು ಮಾರಬೇಕು. ಆಗ ಅವನ ಕೈಯಲ್ಲಿ ಉಳಿದಿರುವುದು 56 ವರ್ಷ. ಕೊಳ್ಳುವವನು ಬ್ಯಾಂಕಿಗೆ ಹೋಗುತ್ತಾನೆ. ಅಲ್ಲಿನ ಹಲವು ಬ್ಯಾಂಕುಗಳು ಸಾಲ ತೀರುವ ದಿನವೂ ಲೀಸಿನಲ್ಲಿ ಮೂವತ್ತು ನಲವತ್ತು ವರ್ಷ ಮಿಕ್ಕಿರಬೇಕು ಎನ್ನುತ್ತವೆ. ಅವನಿಗೆ ಸಾಲ ಹುಟ್ಟದಿದ್ದರೆ ಇವನ ಮನೆ ಮಾರಾಟವಾಗುವುದಿಲ್ಲ. "ಇವನಿಗೆ ಬ್ಯಾಂಕ್ ಸಾಲ ಕೊಡುತ್ತಿದೆಯಲ್ಲ, ಅಂದಮೇಲೆ ಎಲ್ಲ ಸರಿಯಿದೆ" ಎಂದವರಿಗೂ ಉತ್ತರ ಇದರಲ್ಲೇ ಇದೆ. ಬ್ಯಾಂಕು ನೋಡುವುದು ತನ್ನ ಸಾಲ ತೀರುವವರೆಗಿನ ಭದ್ರತೆಯನ್ನು. ಆಚೆಗಿನದು ಸಾಲ ಮಾಡಿದವನ ಪಾಡು.

"ಬೇಕಾದರೆ ಲೀಸು ಉದ್ದ ಮಾಡಿಸಿಕೊಂಡರಾಯಿತು, ಅಷ್ಟಕ್ಕೇ ಅಗ್ಗವಾಗಿ ಸಿಕ್ಕಿದೆಯಲ್ಲ?" ಹೌದು, ಅಲ್ಲಿನ 1993ರ ಕಾನೂನು ಫ್ಲ್ಯಾಟಿನವರಿಗೆ ಇನ್ನೂ 90 ವರ್ಷ ಸೇರಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಆ ಹಕ್ಕಿಗೊಂದು ಬೆಲೆಯೂ ಇದೆ. ಲೀಸು 80 ವರ್ಷಕ್ಕಿಂತ ಕೆಳಗಿಳಿದರೆ 'ಮ್ಯಾರೇಜ್ ವ್ಯಾಲ್ಯೂ' ಎಂಬ ಇನ್ನೊಂದು ಬಾಬತ್ತು ಕೂಡಿಕೊಳ್ಳುತ್ತದೆ. ಲೀಸೂ ನೆಲದ ಹಕ್ಕೂ ಒಂದಾದಾಗ ಹೆಚ್ಚುವ ಬೆಲೆ ಅದು, ಅದರಲ್ಲಿ ಅರ್ಧ ನೆಲದ ಒಡೆಯನಿಗೆ. ಹುಡುಗನ ಜೊತೆ ಫೋನಿನಲ್ಲಿ ಕೂತು ಲೆಕ್ಕ ಹಾಕಿದೆ. 3,00,000 ಪೌಂಡಿನ ಮನೆ 68 ವರ್ಷದ ನಂತರ ಒಡೆಯನಿಗೆ ಬರಬೇಕಾದದ್ದನ್ನು, ಅಲ್ಲಿ ರೂಢಿಯಲ್ಲಿರುವ ಶೇಕಡಾ 5ರಂತೆ ಇಂದಿನ ಬೆಲೆಗೆ ಇಳಿಸಿದರೆ ಸುಮಾರು 10,900. ಈಗಿರುವ ಮೋಟು ಲೀಸಿನ ನಿಜವಾದ ಬೆಲೆ 2,65,000 ಎಂದಿಟ್ಟುಕೊಂಡರೆ ಹೆಚ್ಚುವ ಬೆಲೆ ಸುಮಾರು 24,000, ಅದರ ಅರ್ಧ 12,000. ನೆಲಬಾಡಿಗೆಯ ಬಾಬತ್ತು ಬಿಟ್ಟು ಇಷ್ಟಕ್ಕೇ 23,000 ಪೌಂಡ್ ಸಮೀಪಿಸಿತು. ನಮ್ಮ ದುಡ್ಡಿನಲ್ಲಿ 25 ಲಕ್ಷದ ಮೇಲೆ. ವಕೀಲರು, ಬೆಲೆ ಕಟ್ಟುವವರು ಬೇರೆ. ಅಗ್ಗ ಸಿಕ್ಕಿದ್ದು 15,000. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾವ, ಇದನ್ನ ಯಾರೂ ನನಗೆ ಹೇಳಲಿಲ್ಲ" ಎಂದ.

ಇನ್ನು ನನ್ನ ಮೇಲೆ ಬಂದ ಅತಿ ಗಟ್ಟಿ ವಾದ. ಓದಿಕೊಂಡ ತರುಣನೊಬ್ಬ ಬರೆದಿದ್ದಾನೆ: ದೇವರಾಜ ಅರಸು ಅವರ ಕಾಲದಲ್ಲಿ ಗೇಣಿದಾರರೇ ಒಡೆಯರಾಗಲಿಲ್ಲವೇ? ದೆಹಲಿಯಲ್ಲಿ ಡಿಡಿಎ ಫ್ಲ್ಯಾಟುಗಳ ಲೀಸನ್ನು 1992ರಿಂದ ಸ್ವಂತಕ್ಕೆ ಬದಲಿಸಿಕೊಡಲಿಲ್ಲವೇ? ಬ್ರಿಟನ್ನಿನಲ್ಲೂ 2024ರಲ್ಲಿ ಕಾನೂನಾಗಿದೆ, ನಿಮಗೆ ಗೊತ್ತಿಲ್ಲ.

ಗೊತ್ತಿದೆ, ತಮ್ಮಾ. 2024ರ ಮೇ 24ರಂದು ರಾಜನ ಅಂಕಿತ ಬಿದ್ದ ಆ ಕಾಯ್ದೆ 990 ವರ್ಷದ ಲೀಸಿಗೆ ದಾರಿ ಮಾಡಿದೆ, ಮ್ಯಾರೇಜ್ ವ್ಯಾಲ್ಯೂ ತೆಗೆದುಹಾಕುತ್ತೇನೆ ಎಂದಿದೆ. ಮನೆ ಕೊಂಡು ಎರಡು ವರ್ಷ ಕಾಯದೆ ಲೀಸು ವಿಸ್ತರಣೆ ಕೇಳುವಂತಿಲ್ಲ ಎಂಬ ನಿಯಮ 2025ರ ಜನವರಿ 31ರಂದು ಹೋಯಿತು. ಇದನ್ನು ನನ್ನ ಹಿಂದಿನ ಬರಹದಲ್ಲಿ ಹೇಳದೆ ಬಿಟ್ಟದ್ದು ನನ್ನ ತಪ್ಪು, ಒಪ್ಪುತ್ತೇನೆ. ಆ ಕಾಯ್ದೆಯ ವಿರುದ್ಧ ನೆಲದ ಒಡೆಯರು ಹೂಡಿದ ದಾವೆಯನ್ನು 2025ರ ಅಕ್ಟೋಬರಿನಲ್ಲಿ ಅಲ್ಲಿನ ಹೈಕೋರ್ಟು ತಳ್ಳಿಹಾಕಿದ್ದೂ ನಿಜ. ಆದರೆ ಮ್ಯಾರೇಜ್ ವ್ಯಾಲ್ಯೂ ತೆಗೆಯುವ ಭಾಗ ನಾನಿದನ್ನು ಬರೆಯುವ ಹೊತ್ತಿಗೆ ಜಾರಿಯಾಗಿಲ್ಲ. ಅದು ಹೋದ ಮೇಲೂ ಮೊದಲು ಹೇಳಿದ 10,900ರ ಬಾಬತ್ತು ಪೂರ್ತಿ ಹೋಗುವುದಿಲ್ಲ, ಕಾಯುತ್ತ ಕೂತರೆ ವರ್ಷ ವರ್ಷಕ್ಕೂ ಬೆಳೆಯುತ್ತದೆ.

ಅರಸು ಅವರ ಮಾತು ಬಂತಲ್ಲ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಉಳುವವನಿಗೆ ಹಕ್ಕು ಬಂತು. ಬಂದದ್ದು ತಾನಾಗಿ ಅಲ್ಲ. ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ಸಾಕ್ಷಿ ಕೊಟ್ಟವರಿಗೆ ಬಂತು. ಕೊನೆಯ ದಿನ 1979ರ ಜೂನ್ 30. ನಾನಾಗ ಪತ್ರ ಬರೆಯುವವರೊಬ್ಬರ ಕೈಕೆಳಗೆ ಕಲಿಯುತ್ತಿದ್ದೆ. ಜುಲೈನಲ್ಲಿ ಒಬ್ಬ ಮುದುಕರು ಬಂದರು. ಕಂಬಳಿಯ ಮಡಿಕೆಯೊಳಗಿಂದ ಪಹಣಿ ತೆಗೆದು ಮೇಜಿನ ಮೇಲಿಟ್ಟರು. ಗೇಣಿದಾರನ ಕಲಮಿನಲ್ಲಿ ಅವರದೇ ಹೆಸರು. ಒಡೆಯರು "ಇವೆಲ್ಲ ಆಮೇಲೆ ನೋಡೋಣ" ಅಂದಿದ್ದರಂತೆ, ಇವರು ನಂಬಿ ಕಾದಿದ್ದರು. ನಮ್ಮ ಯಜಮಾನರು ಕಾಗದವನ್ನು ಎರಡು ಸಲ ಓದಿ, ಮಡಚಿ, ಅವರ ಕೈಗೇ ಕೊಟ್ಟರು. ಕಾನೂನು ಇತ್ತು, ಹಕ್ಕಿತ್ತು, ತಾರೀಖು ದಾಟಿತ್ತು. ಬರಲಿರುವ ಕಾನೂನನ್ನು ನಂಬಿ ಇಂದು ಕ್ರಯ ಕೊಡಿ ಎಂದು ಯಾರಾದರೂ ಹೇಳಿದಾಗ ಆ ಮಡಚಿದ ಪಹಣಿ ನನ್ನ ಕಣ್ಣಿಗೆ ಬರುತ್ತದೆ.

ದೆಹಲಿಯಲ್ಲಿ ನೆಲದ ಒಡೆಯ ಸರ್ಕಾರವೇ, ಶುಲ್ಕ ಕಟ್ಟಿಸಿಕೊಂಡು ತನ್ನ ಹಕ್ಕು ಬಿಟ್ಟುಕೊಟ್ಟಿತು. ಹ್ಯಾರೋದ ಆ ಕಟ್ಟಡದ ನೆಲ ಖಾಸಗಿಯವರದು. ಬೆಂಗಳೂರಿನ ಬಿಡಿಎ ನಿವೇಶನವೂ ಲೀಸ್ ಕಂ ಸೇಲ್ ಎಂದವರಿಗೆ ಒಂದೇ ಮಾತು: ಅಲ್ಲಿ ಷರತ್ತು ಮುಗಿದ ಮೇಲೆ ಶುದ್ಧ ಕ್ರಯಪತ್ರ ಕೈಗೆ ಬರುತ್ತದೆ.

"ಸಿಂಗಪುರದಲ್ಲಿ ಎಲ್ಲರದೂ 99 ವರ್ಷದ ಲೀಸೇ, ಯಾರನ್ನು ಹೊರಗೆ ಹಾಕಿದ್ದಾರೆ?" ಹಾಕಿದ್ದಾರೆ. ಗೇಲಾಂಗ್ ಲೋರೊಂಗ್ 3ರಲ್ಲಿ 191 ಮನೆಗಳಿದ್ದವು, 60 ವರ್ಷದ ಲೀಸು. 2020ರ ಡಿಸೆಂಬರ್ 31ಕ್ಕೆ ಅವಧಿ ಮುಗಿಯಿತು. ಪರಿಹಾರವಿಲ್ಲದೆ ನೆಲ ಸರ್ಕಾರಕ್ಕೆ ಹೋಯಿತು.

ಹಿರಿಯರೊಬ್ಬರು ಹೊಂಡದ ಮೆಟ್ಟಿಲ ಮೇಲೆ ಕೂತು, ದಾರಿಹೋಕರು ತಂಗುತ್ತಿದ್ದ ಮುಸಾಫಿರ್‌ಖಾನೆ ತೋರಿಸಿ, "ಅಪ್ಪಾ, ನಾವೆಲ್ಲ ಮುಸಾಫಿರರೇ, ಯಾವ ಮನೆ ಯಾರಿಗೆ ಶಾಶ್ವತ?" ಎಂದರು. ಆ ಮಾತಿಗೆ ಕೈ ಮುಗಿಯುತ್ತೇನೆ. ಆದರೆ ಅಜ್ಜಾ, ಮುಸಾಫಿರ್‌ಖಾನೆ ಕಟ್ಟಿಸಿದವರು ದಾರಿಹೋಕರ ಹತ್ತಿರ ತೋಟ ಮಾರಿದ ದುಡ್ಡು ಕೇಳಲಿಲ್ಲ. ಜೀವ ನಶ್ವರ ಎಂಬುದು ನಮ್ಮ ಹುಡುಗನಿಗೆ ಇಷ್ಟು ಬೆಲೆ ಹೇಳಲು ಕಾರಣವಾಗಬಾರದು.

ಕೊನೆಯ ಆಪಾದನೆ ನನ್ನನ್ನು ನೋಯಿಸಿತು. ಊರ ಹುಡುಗರು ಹೊರಗೆ ಹೋಗಿ ಏಳಿಗೆಯಾಗುವುದು ನನಗೆ ಬೇಕಿಲ್ಲವಂತೆ. ಆ ಹುಡುಗ ಲಂಡನ್ನಿಗೆ ಹೊರಟಾಗ ಅವನ ಪಾಸ್‌ಪೋರ್ಟಿಗೆ ಬೇಕಾದ ಅಫಿಡವಿಟ್ ಬರೆದುಕೊಟ್ಟವನು ನಾನು. ಅವನು ಅಲ್ಲಿ ಮನೆ ಕೊಳ್ಳಲಿ, ಇನ್ನೂ ದೊಡ್ಡದನ್ನೇ ಕೊಳ್ಳಲಿ. ಮೋಟು ಲೀಸಿನ ಮನೆಯನ್ನೇ ಕೊಂಡರೂ ನನ್ನ ತಕರಾರಿಲ್ಲ. ಮಾರುವವನೇ ಮೊದಲು ಲೀಸು ಉದ್ದ ಮಾಡಿಸಿಕೊಡಬೇಕು, ಇಲ್ಲವೇ ಆ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ಭದ್ರಾ ನೀರು ಕುಡಿದ ತೋಟದಲ್ಲಿ ಮರ ಮುದಿಯಾದರೆ ಸಸಿ ಇಡಬಹುದು, ನೆಲ ಕೆಳಗೆ ಇದ್ದೇ ಇರುತ್ತದೆ. ಅದನ್ನು ಕೊಟ್ಟು ತರುವುದು ಏನೆಂದು ಅಪ್ಪ ಮಗ ಇಬ್ಬರಿಗೂ ಗೊತ್ತಿರಬೇಕು ಎಂದಷ್ಟೇ ನಾನು ಕೇಳಿದ್ದು.

ಹುಡುಗ ಮಾರುವವರಿಗೆ ಹಾಗೇ ಬರೆದ. ಅವರು 3,000 ಪೌಂಡಿಗಿಂತ ಹೆಚ್ಚು ಇಳಿಸುವುದಿಲ್ಲ ಎಂದರು, ಇವನು ಕೈಬಿಟ್ಟ. ಈಗ ಇನ್ನೊಂದು ಮನೆಯ ಪತ್ರ ಕಳಿಸಿದ್ದಾನೆ, ಪೂರ್ತಿ 41 ಪುಟ. ಅವಧಿ ಯಾವ ದಿನದಿಂದ ಶುರು ಎಂಬ ಸಾಲನ್ನು ಮೊದಲು ಹುಡುಕುತ್ತಿದ್ದೇನೆ.