ಯುವ ಅಂಗಳ: ನೊಗದ ಮಾತು



ಕಳೆದ ತಿಂಗಳು ಸಂಘದ ಸಭೆ ಮುಗಿದು ಕುರ್ಚಿಗಳನ್ನು ಮಡಚಿ ಇಡುತ್ತಿದ್ದಾಗ ನಾಚಾರಂನ ಹುಡುಗಿಯೊಬ್ಬಳು ಹತ್ತಿರ ಬಂದು, "ಅಂಕಲ್, ಒಂದು ವಿಷಯ ಬರೀತೀರಾ? ನನ್ನ ಹೆಸರು ಮಾತ್ರ ಬೇಡ" ಎಂದಳು. ಅವಳ ತಂದೆ ಬೀದರ ಕಡೆಯಿಂದ ಬಂದು ನಾಚಾರಂ ಕೈಗಾರಿಕಾ ಪ್ರದೇಶದಲ್ಲಿ ದುಡಿದವರು. ಮನೆಯಲ್ಲಿ ಕನ್ನಡ ಬೈಬಲ್, ರಾತ್ರಿ ಊಟಕ್ಕೆ ಮುಂಚೆ ಕನ್ನಡದಲ್ಲೇ ಪ್ರಾರ್ಥನೆ. ಅವಳು ಮೆಚ್ಚಿದವನು ಜೊತೆಯಲ್ಲಿ ಕೆಲಸ ಮಾಡುವ ತೆಲುಗು ಹುಡುಗ, ಹಿಂದೂ. ಎರಡು ವರ್ಷದ ಸ್ನೇಹ. ಮನೆಯಲ್ಲಿ ಇನ್ನೂ ಹೇಳಿಲ್ಲ. "ಇದು ಪಾಪವೇ ಅಂಕಲ್?" ಎಂದು ಕೇಳಿದಳು.

ಭಾಷೆ ಬೇರೆಯಾದವರೊಡನೆ ಬಾಳುವುದು ನಮಗೆ ಹೊಸದಲ್ಲ. ಬೀದರ, ಕಲಬುರಗಿ, ರಾಯಚೂರುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆದರೆ ಒಂದೇ ಮನೆಯಲ್ಲಿ ಪ್ರಾರ್ಥನೆ ಎರಡಾದಾಗ ಏನು ಮಾಡಬೇಕು ಎಂಬುದು ಬೇರೆಯೇ ಪ್ರಶ್ನೆ.

ಹಿರಿಯರು ಕೂಡಲೇ ಎತ್ತಿ ತೋರಿಸುವುದು ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 6ನೆಯ ಅಧ್ಯಾಯ, 14ನೆಯ ವಚನ. ನಂಬದವರೊಡನೆ ಸರಿಹೊಂದದ ನೊಗಕ್ಕೆ ಕೊರಳು ಕೊಡಬೇಡಿ ಎಂಬುದು ಅದರ ಭಾವ. ಎತ್ತನ್ನೂ ಕತ್ತೆಯನ್ನೂ ಜೊತೆಗೆ ಕಟ್ಟಿ ಉಳಬಾರದೆಂದು ಹಳೆಯ ಒಡಂಬಡಿಕೆಯಲ್ಲೂ ಒಂದು ವಿಧಿ ಇದೆ. ಹೊಲ ಕಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಎತ್ತು ಮೇಲು, ಕತ್ತೆ ಕೀಳು ಎಂಬ ಮಾತಲ್ಲ ಇದು. ಹೆಜ್ಜೆ ಸೇರದಿದ್ದರೆ ಎರಡರ ಕೊರಳೂ ಹುಣ್ಣಾಗುತ್ತದೆ, ಅಷ್ಟೇ.

ಆ ವಚನದಲ್ಲಿ ಮದುವೆ ಎಂಬ ಶಬ್ದವಿಲ್ಲ ಎಂಬುದನ್ನೂ ಗಮನಿಸಿ. ಅಲ್ಲಿ ಪೌಲನ ಚಿಂತೆ ಇಡೀ ಸಭೆಯ ಆರಾಧನೆಯದು. ಮದುವೆಯ ಮಾತು ಮೊದಲನೆಯ ಪತ್ರದ 7ನೆಯ ಅಧ್ಯಾಯದಲ್ಲಿದೆ. ಮರುಮದುವೆಯಾಗುವ ವಿಧವೆ ಕರ್ತನಲ್ಲಿರುವವನನ್ನೇ ಆಗಲಿ ಎನ್ನುವ ಪೌಲನು, ಅದೇ ಅಧ್ಯಾಯದಲ್ಲಿ, ನಂಬದ ಸಂಗಾತಿ ಜೊತೆಗಿರಲು ಒಪ್ಪಿದರೆ ಬಿಡಬೇಡಿ ಎಂದೂ ಹೇಳುತ್ತಾನೆ. ಮದುವೆಗೆ ಮುಂಚೆ ಎಚ್ಚರಿಕೆ, ಮದುವೆಯ ನಂತರ ನಿಷ್ಠೆ. ಮೋವಾಬಿನ ರೂತಳು ಇಸ್ರಾಯೇಲ್ಯರ ಮನೆಗೆ ಸೊಸೆಯಾಗಿ ಬಂದು ದಾವೀದನ ಮುತ್ತಜ್ಜಿಯಾದಳು. ಆದರೆ ಅವಳು ಅತ್ತೆಯ ದೇವರನ್ನು ಮನಸಾರೆ ತನ್ನವನೆಂದುಕೊಂಡಳು. ಯಾರೂ ಬಲವಂತ ಮಾಡಲಿಲ್ಲ.

ಕಥೋಲಿಕ ಸಭೆಯ 1983ರ ಧರ್ಮಸಭಾ ಸಂಹಿತೆಯ ಪ್ರಕಾರ, ದೀಕ್ಷಾಸ್ನಾನ ಪಡೆಯದವರನ್ನು ಮದುವೆಯಾಗಲು ಸಭೆಯ ವಿಶೇಷ ಅನುಮತಿ ಬೇಕು. ತನ್ನ ನಂಬಿಕೆಯನ್ನು ಕಾಪಾಡಿಕೊಳ್ಳುತ್ತೇನೆ, ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಲು ಕೈಲಾದಷ್ಟೂ ಮಾಡುತ್ತೇನೆ ಎಂದು ಕಥೋಲಿಕ ಸಂಗಾತಿ ಮಾತು ಕೊಡಬೇಕು. ಆ ಮಾತು ಇನ್ನೊಬ್ಬರಿಗೂ ತಿಳಿದಿರಬೇಕು. ಸಂಗಾತಿಯಿಂದ ಅದನ್ನು ಗುಟ್ಟಾಗಿಡುವಂತಿಲ್ಲ.

ಕಾನೂನನ್ನೂ ತಿಳಿದುಕೊಳ್ಳಿ. ಆಂಧ್ರದಲ್ಲಿ 1996ರಲ್ಲಿ ಒಬ್ಬ ಕ್ರೈಸ್ತ ಯುವಕ ಹಿಂದೂ ಯುವತಿಗೆ ದೇವಸ್ಥಾನದಲ್ಲಿ ತಾಳಿ ಕಟ್ಟಿದ. ಮದುವೆ 1955ರ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿಯೂ ಆಯಿತು. ಇಬ್ಬರೂ ಹಿಂದೂಗಳಲ್ಲದ ಕಾರಣ ಆ ಮದುವೆ ಊರ್ಜಿತವಲ್ಲವೆಂದು 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮತ ಬದಲಿಸದೆ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯ್ದೆ ಇದೆ: ಮೊದಲು ನೋಟಿಸು, ನಂತರ 30 ದಿನ ಕಾಯುವುದು, ಆಮೇಲೆ ಮೂವರು ಸಾಕ್ಷಿಗಳು. ರಿಜಿಸ್ಟರಿಗೆ ಬೇಕೆಂದು ಮಾತ್ರ ಮತ ಬದಲಿಸುವುದು ದೇವರ ಮುಂದೆಯೂ ಸುಳ್ಳು, ಸಂಗಾತಿಯ ಮುಂದೆಯೂ ಸುಳ್ಳು.

ಇನ್ನು ನನ್ನ ಮನೆಯ ಮಾತು. ನನ್ನ ತಂಗಿ 1988ರಲ್ಲಿ ಹಿಂದೂ ಹುಡುಗನನ್ನು ಮದುವೆಯಾದಳು. ಅಪ್ಪ ಹನ್ನೊಂದು ವರ್ಷ ಅವಳೊಡನೆ ಮಾತಾಡಲಿಲ್ಲ. ಅಣ್ಣನಾದ ನಾನು ನಡುವೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಮಗು ಹುಟ್ಟಿದಾಗ ದೀಕ್ಷಾಸ್ನಾನವೋ ಜವಳವೋ ಎಂದು ಅವರಿಬ್ಬರಲ್ಲಿ ದೊಡ್ಡ ಜಗಳವಾಯಿತಂತೆ. ಮದುವೆಗೆ ಮುಂಚೆ ಆ ಮಾತನ್ನೇ ಅವರು ಎತ್ತಿರಲಿಲ್ಲ. ತಂಗಿ ಚರ್ಚಿಗೆ ಬರುವುದನ್ನು ಬಿಟ್ಟಳು. ಗಂಡ ತಡೆದನೆಂದು ನಾವು ಊರೆಲ್ಲ ಹೇಳಿಕೊಂಡು ತಿರುಗಿದೆವು. ವರ್ಷಗಳ ಮೇಲೆ ಅವಳೇ ಹೇಳಿದಳು: "ಅವರು ಬಾಗಿಲ ತನಕ ಸ್ಕೂಟರಿನಲ್ಲಿ ಬಿಡ್ತಿದ್ರು ಅಣ್ಣ. ಒಳಗೆ ನೀವೆಲ್ಲ ಮುಖ ತಿರುಗಿಸ್ತಿದ್ರಿ." ಅಪ್ಪ ತೀರಿಕೊಂಡಾಗ ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಆ ಅಳಿಯನೂ ಒಬ್ಬ.

ಆದ್ದರಿಂದ ಮಗಳೇ, ಪ್ರೀತಿಸಿದ್ದು ಪಾಪವೆಂದು ನಾನು ಹೇಳಲಾರೆ. ಪೌಲನ ಎಚ್ಚರಿಕೆ ಹಳೆಯದಾಯಿತು, ಬಿಟ್ಟುಬಿಡು ಎಂದೂ ಹೇಳಲಾರೆ. ಯೇಸು ನಿನಗೆ ಬರೀ ಕ್ರಿಸ್‌ಮಸ್ ಹಬ್ಬದ ಹೆಸರೋ, ಪ್ರತಿದಿನದ ಆಸರೆಯೋ? ಮೊದಲು ಇದನ್ನು ನಿನ್ನಲ್ಲೇ ಕೇಳಿಕೋ. ಆಸರೆಯಾಗಿದ್ದರೆ ಅದನ್ನು ಆ ಹುಡುಗನಿಗೆ ಈಗಲೇ ಹೇಳು. ಮದುವೆಯಾದ ಮೇಲೆ ಬದಲಾಯಿಸಿಕೊಳ್ಳೋಣ ಎಂಬ ಲೆಕ್ಕ ಇಬ್ಬರಲ್ಲಿ ಯಾರಿಗೂ ಬೇಡ. ಭಾನುವಾರ ಹೇಗೆ, ಅವನ ಮನೆಯ ಪೂಜೆಯಲ್ಲಿ ನೀನೆಲ್ಲಿ, ಮಕ್ಕಳು ಯಾರ ಮಡಿಲಲ್ಲಿ ಯಾವ ಪ್ರಾರ್ಥನೆ ಕಲಿಯುತ್ತಾರೆ? ಈ ಮೂರು ಮಾತು ಆಡಲು ಹೆದರಿಕೆಯಾದರೆ ಮದುವೆಗೆ ಇನ್ನೂ ಕಾಲ ಬಂದಿಲ್ಲ. ಉತ್ತರ ಕೂಡಿಬಾರದಿದ್ದರೆ, ಅವನ ಮೇಲೆ ತಪ್ಪು ಹೊರಿಸದೆ, ಗೌರವದಿಂದ ಬೀಳ್ಕೊಡುವುದೂ ಪ್ರೀತಿಯೇ.

ಆಮೇಲೆ ಅಪ್ಪ ಅಮ್ಮನಿಗೆ ಹೇಳು. ಬೇರೆಯವರ ಬಾಯಿಂದ ಅವರ ಕಿವಿಗೆ ಬೀಳುವ ಮುಂಚೆ ಹೇಳು. ಅವರ ಮುಂದೆ ಒಬ್ಬಳೇ ಕೂರಲು ಧೈರ್ಯ ಸಾಲದಿದ್ದರೆ ನನ್ನನ್ನು ಕರೆ. ನನ್ನ ತಂಗಿಗಾಗಿ ನಾನು ಮಾಡದ ಕೆಲಸ ಅದು.

ತಂದೆತಾಯಂದಿರೇ, ಈ ಪುಟವನ್ನು ಮಕ್ಕಳಿಗಿಂತ ಮೊದಲು ನೀವು ಓದುತ್ತೀರೆಂದು ಬಲ್ಲೆ. ಮಗಳು ಬಾಯಿ ತೆರೆದ ದಿನ ಕೂಗಾಡಬೇಡಿ. ಮನೆಯ ಬಾಗಿಲು ತೆರೆದಿದ್ದರೆ ಚರ್ಚಿನ ಬಾಗಿಲೂ ಅವಳಿಗೆ ತೆರೆದೇ ಇರುತ್ತದೆ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.

— ನಿಮ್ಮ ಹಿತೈಷಿ