ತಳುಕಿನ ಪತ್ರಗಳನ್ನು ಉಳಿಸಿಕೊಡಲು ಮನವಿ

ಇವರಿಗೆ,
ನಿರ್ದೇಶಕರು,
ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ, ಬೆಂಗಳೂರು

ಇವರಿಂದ,
ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಕನ್ನಡ ಅಧ್ಯಾಪಕರು ಹಾಗೂ ಓದುಗರು

ವಿಷಯ: ಟಿ.ಎಸ್. ವೆಂಕಣ್ಣಯ್ಯ ಮತ್ತು ಅವರ ಮನೆತನದ ಲೇಖಕರ ಖಾಸಗಿ ಪತ್ರಗಳನ್ನು ಸಂಗ್ರಹಿಸಿ, ವರ್ಗೀಕರಿಸಿ, ಡಿಜಿಟಲೀಕರಿಸುವ ಬಗ್ಗೆ.

ಮಾನ್ಯರೇ,

ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ವೆಂಕಣ್ಣಯ್ಯನವರು (1885–1939) ಚಳ್ಳಕೆರೆ ತಾಲ್ಲೂಕಿನ ತಳುಕಿನವರು. ಅವರ ತಮ್ಮ ತ.ಸು. ಶಾಮರಾಯರು, ‘ದುರ್ಗಾಸ್ತಮಾನ’ದ ತ.ರಾ.ಸು. ಅದೇ ಮನೆತನದವರು. ಗುರುಗಳು ತೀರಿಕೊಂಡು ಹತ್ತು ವರ್ಷಗಳ ಮೇಲೆ, 1949ರಲ್ಲಿ ಹೊರಬಂದ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಕುವೆಂಪು ಅರ್ಪಿಸಿದ್ದು ವೆಂಕಣ್ಣಯ್ಯನವರಿಗೆ. ಅಂಥ ಶಿಷ್ಯರನ್ನು ಬೆಳೆಸಿದ ಮೇಷ್ಟ್ರ ಪಾಠವೆಲ್ಲ ತರಗತಿಯಲ್ಲೇ ಆಗಿಹೋಯಿತು. ಆದ್ದರಿಂದಲೇ ಅವರು ಬರೆದ ಒಂದೊಂದು ಕಾರ್ಡೂ ನಮಗೆ ಬೇಕು.

ತೊಡಕು ಏನೆಂದರೆ, ಒಬ್ಬರು ಬರೆದ ಪತ್ರ ಅವರ ಮನೆಯಲ್ಲಿ ಸಿಗುವುದಿಲ್ಲ. ಅದು ತಲುಪಿದವರ ಮನೆ ಸೇರಿರುತ್ತದೆ. ಊರಿನಲ್ಲಷ್ಟೇ ಅಲ್ಲ, ಮೈಸೂರು, ಬೆಂಗಳೂರು, ಚಿತ್ರದುರ್ಗಗಳಲ್ಲೂ ಹುಡುಕಬೇಕು. ತಾಲ್ಲೂಕಿನ ನಾವು ಹೋಗಿ ಬಾಗಿಲು ತಟ್ಟಿದರೆ ಅನುಮಾನಿಸುವವರು, ಇಲಾಖೆ ಕೇಳಿದರೆ ಪೆಟ್ಟಿಗೆ ತೆರೆದಾರು. ತಮ್ಮಲ್ಲಿಗೆ ಬಂದಿರುವುದು ಇದಕ್ಕಾಗಿ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಂದ ಕಾಗದಗಳನ್ನೆಲ್ಲ ಕೊಕ್ಕೆತಂತಿಗೆ ಚುಚ್ಚಿ ಗೋಡೆಗೆ ತೂಗುಹಾಕುತ್ತಿದ್ದರು. ತಂತಿಯ ತುಕ್ಕು ಕಾರ್ಡಿನ ನಡುವಿನ ನಾಲ್ಕಾರು ಅಕ್ಷರಗಳನ್ನು ತಿಂದಿರುತ್ತದೆ, ಮಿಕ್ಕದ್ದು ಗೆದ್ದಲಿಗೆ. ಅವಸರದಲ್ಲಿ ಎಳೆದರೆ ಮಡಿಕೆಯಲ್ಲೇ ಹರಿದುಬರುತ್ತದೆ. ಆದರೆ ಆ ತಂತಿಯಲ್ಲಿರುವ ಸಾಲೇ ಪತ್ರಗಳು ಬಂದ ಸಾಲು: ಅಡಿಯದು ಹಳೆಯದು, ಮೇಲಿನದು ಹೊಸದು. ತಾರೀಖು ಹಾಕದ ಕಾಗದಕ್ಕೆ ಈ ಸಾಲು ಮತ್ತು ಅಂಚೆ ಮುದ್ರೆ ಬಿಟ್ಟರೆ ಬೇರೆ ಸುಳಿವಿಲ್ಲ. ಹಾಗಾಗಿ, ಕಾಗದಗಳು ಸಿಕ್ಕ ಕ್ರಮದಲ್ಲೇ ಸಂಖ್ಯೆ ಹಾಕಿದ ಮೇಲಷ್ಟೇ ಬಿಡಿಸಬೇಕೆಂಬುದು ನಮ್ಮ ಮೊದಲ ಬೇಡಿಕೆ.

ವಿಳಾಸದ ಬದಿಯೂ ಸೇರಿ ಎರಡೂ ಮಗ್ಗುಲನ್ನು ಸ್ಕ್ಯಾನ್ ಮಾಡಿಸಬೇಕು. ಬರೆದವರು, ಪಡೆದವರು, ಊರು, ತಾರೀಖು, ಪ್ರಸ್ತಾಪವಾದ ಕೃತಿ ಇವಿಷ್ಟೂ ಇರುವ ಸೂಚಿ ಕನ್ನಡದಲ್ಲೇ ಆಗಬೇಕು; ಸೂಚಿಯಿಲ್ಲದ ಸಾವಿರ ಚಿತ್ರಗಳು ಮುಚ್ಚಿದ ಪೆಟ್ಟಿಗೆಗೆ ಸಮ. ಮೂಲವನ್ನು ಕೊಡಲೊಪ್ಪದ ಮನೆಯವರಿಗೆ ಅವರ ಮನೆಯಲ್ಲೇ ಸ್ಕ್ಯಾನ್ ಮಾಡಿ ಕಾಗದ ಹಿಂದಿರುಗಿಸುವ ವ್ಯವಸ್ಥೆ ಇರಲಿ. ಕಾಗದ ಪಡೆದವರದಾದರೂ ಬರಹದ ಹಕ್ಕು ಬರೆದವರ ವಾರಸುದಾರರದು. ಪ್ರಕಟಿಸುವ ಮುನ್ನ ಅವರ ಒಪ್ಪಿಗೆ ಪಡೆಯಬೇಕು. ಮನೆಯ ಕಷ್ಟಸುಖದ ಪತ್ರಗಳನ್ನು ಅವರು ಬೇಡವೆಂದರೆ ತೆರೆದಿಡಬಾರದು. ಪ್ರತಿಗಳ ಒಂದು ಕಟ್ಟು ಚಳ್ಳಕೆರೆಯ, ಇನ್ನೊಂದು ಮೊಳಕಾಲ್ಮೂರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಬರಬೇಕು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನವೂ ಒಂದು ಪತ್ರವೇ. ಸುವರ್ಣಗಿರಿಯ ರಾಜಕುಮಾರ ಇಸಿಲದ ಅಧಿಕಾರಿಗಳಾದ ಮಹಾಮಾತ್ರರ ಕ್ಷೇಮ ವಿಚಾರಿಸಿಯೇ ಅದರಲ್ಲಿ ಮಾತು ಆರಂಭಿಸುತ್ತಾನೆ. ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡನ ಹೆಸರೂ ಇದೆ. ಬಂಡೆಯ ಮೇಲಿದ್ದುದರಿಂದ 2,200 ವರ್ಷ ದಾಟಿ ಉಳಿಯಿತು. ತಳುಕಿನವರು ಬರೆದದ್ದು ಕಾಗದದ ಮೇಲೆ. ಅದಕ್ಕೆ ಅಷ್ಟು ಆಯುಸ್ಸಿಲ್ಲ.

ಬರುವ ಮಳೆಗಾಲದೊಳಗೆ ತಮ್ಮ ಸಿಬ್ಬಂದಿಯನ್ನು ತಳುಕಿಗೆ ಕಳುಹಿಸಿ ಪರಿಶೀಲನೆ ಆರಂಭಿಸಬೇಕೆಂದು ಕೋರುತ್ತೇವೆ. ಊರಿನ ಮನೆಗಳಿಗೆ ಜೊತೆಯಲ್ಲಿ ಬರಲು ನಾವು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಹಿ ಮಾಡಿದ ಅಧ್ಯಾಪಕರು ಮತ್ತು ಓದುಗರು