ಬಾಡಿಗೆ ಮನೆ ಕೇಳಿದರೆ ಜಾತಿ ಯಾಕೆ ಕೇಳಬೇಕು?

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಲ್ಲಿ ಊರಿನವರೇ ಆದ ವೈದ್ಯರೊಬ್ಬರು ಕೋಟ್ಯಂತರ ರೂಪಾಯಿ ಕೊಟ್ಟು ಸರ್ಕಾರಿ ಶಾಲೆಗೆ ಹೊಸ ಕಟ್ಟಡ ಕಟ್ಟಿಸಿದ್ದಾರೆ. ಇಂಥ ಊರುಗಳಿಗೆ ವರ್ಗವಾಗಿ ಬರುವ ಶಿಕ್ಷಕರು, ನರ್ಸುಗಳು, ಪಂಚಾಯಿತಿ ನೌಕರರು ಊರಲ್ಲೇ ಉಳಿಯಬೇಕು ಎಂಬುದು ಎಲ್ಲರ ಆಸೆ. ಆದರೆ ಎಷ್ಟೋ ಮಂದಿ ದಿನಾ ಬಸ್ಸು, ರೈಲು ಹಿಡಿದು ಓಡಾಡುತ್ತಾರೆ. ಮಕ್ಕಳ ಓದು, ಗಂಡ ಅಥವಾ ಹೆಂಡತಿಯ ಕೆಲಸ ಅದಕ್ಕೆ ಕಾರಣವಿರಬಹುದು. ಯಾರೂ ಗಟ್ಟಿಯಾಗಿ ಹೇಳದ ಇನ್ನೊಂದು ಕಾರಣವೂ ಇದೆ: ಮನೆ ಖಾಲಿ ಇದ್ದರೂ ಅವರಿಗೆ ಸಿಗುವುದಿಲ್ಲ.

ಇದು ಒಂದು ಊರಿನ ಕಥೆಯಲ್ಲ. ರಾಮನಗರ, ಕನಕಪುರ, ಮಾಗಡಿ, ರಾಜ್ಯದ ಯಾವ ಪೇಟೆಗೆ ಹೋದರೂ ಮಾತುಕತೆ ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ. ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು ತೂಗುತ್ತಿರುತ್ತದೆ. ಮನೆಯವರು ಬೀಗ ತೆಗೆದು ರೂಮು ತೋರಿಸುತ್ತಾರೆ. ಬೋರಿನ ನೀರೂ ಬರುತ್ತೆ, ಕರೆಂಟ್ ಮೀಟರ್ ಬೇರೆ ಇದೆ ಅನ್ನುತ್ತಾರೆ. ‘ಯಾವೂರಮ್ಮ ನಿಮ್ದು? ಮನೇಲಿ ಎಷ್ಟು ಜನ?’ ಎಂದು ವಿಚಾರಿಸುತ್ತಾರೆ. ಕೊನೆಗೆ, ದನಿ ತಗ್ಗಿಸಿ: ‘ತಪ್ಪು ತಿಳ್ಕೋಬೇಡಿ, ನೀವು ಯಾವ ಜನ?’ ಉತ್ತರ ಹಿಡಿಸದಿದ್ದರೆ ಒಳಗೆ ಹೋಗಿ ಬಂದು, ‘ನಮ್ ಮಗಳೇ ಬರ್ತಾಳಂತೆ ಕಣಮ್ಮ, ಕೊಡಕ್ಕಾಗಲ್ಲ’ ಅನ್ನುತ್ತಾರೆ. ವಾರ ಕಳೆದರೂ ಬೋರ್ಡು ಅಲ್ಲೇ ಇರುತ್ತದೆ. ಕೇಳಿದವರು ದಲಿತರಾದರೆ, ಮುಸ್ಲಿಮರಾದರೆ, ಒಂಟಿ ಹೆಣ್ಣುಮಗಳಾದರೆ ಇದನ್ನು ಮನೆಯಿಂದ ಮನೆಗೆ ಅನುಭವಿಸಬೇಕು.

ಇದು ಇಂದಿನ ಕಥೆಯೂ ಅಲ್ಲ. 1917ರಲ್ಲಿ ವಿದೇಶದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಸೇರಿದ ಅಂಬೇಡ್ಕರ್ ಅವರಿಗೆ ಆ ನಗರದಲ್ಲಿ ಇರಲು ಜಾಗ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಜಾತಿ ಮುಚ್ಚಿಟ್ಟುಕೊಂಡು ಉಳಿದರು. ವಿಷಯ ಬಯಲಾದಾಗ ದೊಣ್ಣೆ ಹಿಡಿದ ಗುಂಪು ಬಂದು ಅವರನ್ನು ಹೊರಹಾಕಿತು. ಪದವಿ, ಸಂಬಳ ಯಾವುದೂ ಕೈ ಹಿಡಿಯಲಿಲ್ಲ. ಸುಮಾರು ನೂರು ವರ್ಷದ ಮೇಲೆ, 2015ರಲ್ಲಿ ಪ್ರಕಟವಾದ ಸುಖದೇವ್ ಥೋರಟ್ ಮತ್ತು ಸಂಗಡಿಗರ ಅಧ್ಯಯನವು ದೆಹಲಿ ಸುತ್ತಮುತ್ತ ಬಾಡಿಗೆ ಮನೆ ಕೇಳುವ ದಲಿತರು, ಮುಸ್ಲಿಮರು ಈಗಲೂ ಹೀಗೇ ಬರಿಗೈಯಲ್ಲಿ ವಾಪಸಾಗುತ್ತಾರೆ ಎಂದು ತೋರಿಸಿತು.

‘ಮನೆ ನಮ್ಮದು, ನಮ್ಮಿಷ್ಟ’ ಎಂಬ ವಾದ ಬರುತ್ತದೆ. ಬಾಡಿಗೆ ಹೊತ್ತಿಗೆ ಸರಿಯಾಗಿ ಕೊಡುತ್ತಾರಾ, ಮನೆ ಚೊಕ್ಕಟವಾಗಿ ಇಟ್ಟುಕೊಳ್ಳುತ್ತಾರಾ ಎಂದು ವಿಚಾರಿಸುವುದು ನ್ಯಾಯ. ಸಾಲ ಮಾಡಿ ಮಹಡಿ ಎತ್ತಿದವರಿಗೆ ಆ ಬಾಡಿಗೆಯೇ ಜೀವನ. ಆದರೆ ಜಾತಿ ನೋಡಿ ಬಾಗಿಲು ಹಾಕುವುದು ಮಾಲೀಕರ ಹಕ್ಕಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರು ಯಾವುದೇ ಪ್ರದೇಶದಲ್ಲಿ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ವಾಸ ಮಾಡುವುದಕ್ಕೆ ಅಡ್ಡಿಪಡಿಸುವುದು ಅಪರಾಧ. ಶಿಕ್ಷೆ ಒಂದರಿಂದ ಆರು ತಿಂಗಳ ಸೆರೆವಾಸ ಮತ್ತು ದಂಡ. ಅದಕ್ಕಿಂತ ಮುಖ್ಯವಾದದ್ದು 12ನೇ ಸೆಕ್ಷನ್: ನೊಂದವರು ಪರಿಶಿಷ್ಟ ಜಾತಿಯವರಾದರೆ ಆ ಅಡ್ಡಿ ಅಸ್ಪೃಶ್ಯತೆಯ ಕಾರಣಕ್ಕೇ ಆಯಿತೆಂದು ನ್ಯಾಯಾಲಯ ಭಾವಿಸಬೇಕು, ಹಾಗಲ್ಲ ಎಂದು ರುಜುವಾತು ಮಾಡುವ ಹೊಣೆ ಆರೋಪಿಯದು. ಇಷ್ಟು ಬಲವಾದ ಕಾನೂನು ಪುಸ್ತಕದಲ್ಲಿದ್ದೂ ಬಾಡಿಗೆ ಮನೆಯ ವಿಷಯಕ್ಕೆ ಪೊಲೀಸ್ ಠಾಣೆ ಹತ್ತುವ ಧೈರ್ಯ ಯಾರಿಗೂ ಬರುವುದಿಲ್ಲ. ಹೊಸದಾಗಿ ಬಂದ ಶಿಕ್ಷಕಿ ಅದೇ ಊರಲ್ಲಿ ಕೆಲಸ ಮಾಡಬೇಕು, ಆ ಮಾಲೀಕರ ಮಕ್ಕಳಿಗೇ ಪಾಠ ಹೇಳಬೇಕು.

ಹಣದ ಕಷ್ಟವೂ ಸಣ್ಣದಲ್ಲ. ಚಿಕ್ಕ ಊರುಗಳಲ್ಲಿ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ 7.5. ಮೂಲ ವೇತನ 40,000 ರೂಪಾಯಿ ಇದ್ದವರಿಗೆ 3,000 ರೂಪಾಯಿ ಬಂತು. ಬಾಡಿಗೆಯ ಜೊತೆಗೆ ಅಡ್ವಾನ್ಸೂ ಹೊಂದಿಸಬೇಕು. ಆ ಅಡ್ವಾನ್ಸನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುವ ಮಾದರಿ ಬಾಡಿಗೆ ಕಾಯ್ದೆಗೆ ಕೇಂದ್ರ ಸಂಪುಟ 2021ರಲ್ಲೇ ಒಪ್ಪಿಗೆ ಕೊಟ್ಟಿತು. ಕರ್ನಾಟಕದ 1999ರ ಬಾಡಿಗೆ ಕಾಯ್ದೆಯಾದರೋ ದೊಡ್ಡ ನಗರಗಳಲ್ಲಿ 3,500, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದೇ ಇಲ್ಲ. ಬಾಡಿಗೆಯ ಈ ಮಿತಿಯನ್ನು ರಾಜ್ಯ ಸರ್ಕಾರ ತಡಮಾಡದೆ ಬದಲಿಸಬೇಕು. ಶಾಲೆ, ಆಸ್ಪತ್ರೆ ಕಟ್ಟುವಾಗ ನಾಲ್ಕು ವಸತಿಗೃಹವನ್ನೂ ಸೇರಿಸಿಯೇ ಯೋಜನೆ ಮಾಡಬೇಕು.

ಗ್ರಾಮ ಪಂಚಾಯಿತಿಗಳು ಮಾತ್ರ ಬೆಂಗಳೂರಿನ ಆದೇಶಕ್ಕೆ ಕಾಯಬೇಕಿಲ್ಲ. ಮನೆ ಯಾರದು, ಖಾಲಿ ಯಾವುದು ಎಂಬುದು ಕಂದಾಯ ವಸೂಲಿ ಮಾಡುವವರಿಗೆ ಗೊತ್ತೇ ಇರುತ್ತದೆ. ವರ್ಗವಾಗಿ ಬಂದ ನೌಕರರನ್ನು ಒಬ್ಬರೇ ಬೀದಿ ಸುತ್ತಲು ಬಿಡದೆ ಪಂಚಾಯಿತಿ ಸದಸ್ಯರು, ಮುಖ್ಯ ಶಿಕ್ಷಕರು ಜೊತೆಗೆ ಹೋಗಬಹುದು. ಜಾತಿಯ ಪ್ರಶ್ನೆ ಬಂದರೆ ಅಲ್ಲೇ ಎದುರು ಮಾತಾಡಬಹುದು. ಮುಂದಿನ ಗ್ರಾಮಸಭೆಯಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಆ ಎರಡು ಸೆಕ್ಷನ್‌ಗಳನ್ನು ಕನ್ನಡದಲ್ಲಿ ಓದಿಸಿ, ನಡಾವಳಿ ಪುಸ್ತಕಕ್ಕೆ ಹತ್ತಿಸಿ, ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ.